ಎಡಗಡೆಯ ಜಾಗ

ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಹಳೇ ಕಾಲದ ಒಂದು ಗೇಮಿನ ಪೆಟ್ಟಿಗೆ ಇದೆ. ಟಿವಿಗೆ ಜೋಡಿಸಿ, ಇಬ್ಬರು ಎರಡು ರಿಮೋಟು ಹಿಡಿದು ಆಡುವಂಥದ್ದು. ತಂದವಳು ನನ್ನ ನೆಗೆಣ್ಣಿಯ ಮಗಳು. ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಮೊಮ್ಮಕ್ಕಳು ಎರಡು ದಿನ ಆಡಿ ಮೊಬೈಲಿಗೆ ಮರಳಿದವು. ಆಮೇಲೆ ಅದು ನೆಗೆಣ್ಣಿಯದೂ ನನ್ನದೂ ಆಯಿತು.

ಪರದೆಯಲ್ಲಿ ಎರಡು ಬಾವಿ, ಆಕೆಗೊಂದು, ನನಗೊಂದು. ಮೇಲಿನಿಂದ ಬಣ್ಣದ ಹರಳು ಬೀಳುತ್ತವೆ. ಒಂದೇ ಬಣ್ಣದ ಮೂರು ಕೂಡಿಸಿದರೆ ಅವು ಮಾಯ, ಎದುರಿನವರ ಬಾವಿಗೆ ಬೂದು ಕಲ್ಲು. ಯಾರ ಬಾವಿ ಮೊದಲು ತುಂಬಿತೋ ಅವರು ಸೋತರು. ನಾನು ಶಾಲೆಯಲ್ಲಿ ಮೂರನೇ ಇಯತ್ತೆ ದಾಟಿದವಳಲ್ಲ. ಆದರೆ ಮಗ್ಗದ ಮುಂದೆ ಕೂತು ಮುಪ್ಪಾದ ಕಣ್ಣಿಗೆ ಬಣ್ಣ ಯಾರೂ ಕಲಿಸಬೇಕಾಗಿಲ್ಲ. ಆದರೂ ಆಕೆಯೇ ಚುರುಕು. ಹತ್ತು ಆಟದಲ್ಲಿ ಏಳು ಆಕೆಯವು.

ಒಂದು ದಿನ ಮಧ್ಯಾಹ್ನ ಮಾತ್ರ ನಾನು ಸಾಲಾಗಿ ಗೆದ್ದೆ. ಆಕೆ ಹರಳೆಲ್ಲ ಬಲಗಡೆಗೇ ಒಟ್ಟುತ್ತಿದ್ದಳು. ಎಡಗಡೆ ತಳದವರೆಗೂ ಖಾಲಿ.

“ಎಡಗಡಿ ಜಾಗಾ ಯಾರಿಗೆ ಹಿಡದಿಟ್ಟೀ ಅಕ್ಕಾ? ಬೀಗರು ಬರಾವ್ರ ಅದಾರೇನು?”

“ಎಲ್ಲೈತಿ ಜಾಗಾ? ತುಂಬಿ ತುಳಕಾಕತ್ತೈತಿ. ನಿನ್ನ ಕಣ್ಣಿಗೇನ ಆಗೈತಿ?”

“ಸೋಲಾಕ ನೆವಾ ಹುಡಕಬ್ಯಾಡ, ಹಿಡಿ ರಿಮೋಟ.”

ಹಿಡಿದಳು, ಮತ್ತೆ ಸೋತಳು. ಖರೆ ಹೇಳುತ್ತೇನೆ, ನನಗೆ ಭಾಳ ಖುಷಿಯಾಯಿತು.

ಸಂಜೆ ಊಟಕ್ಕೆ ಕೂತಾಗ ತಾಟಿನ ಬಲಗಡೆಯ ಪಲ್ಯ ಮುಗಿಸಿ, “ರೊಟ್ಟಿ ನೀಡಿಲ್ಲಲ್ಲ” ಅಂದಳು. ರೊಟ್ಟಿ ತಾಟಿನ ಎಡಗಡೆಯೇ ಇತ್ತು. ಸೋತ ಸಿಟ್ಟಿಗೆ ಸತಾಯಿಸುತ್ತಾಳೆ ಎಂದುಕೊಂಡು ಎದ್ದುಹೋದೆ.

ಮರುದಿನ ಮುಂಜಾನೆ ನೂಲು ಸುತ್ತುವ ರಾಟಿಯ ಪಕ್ಕ ಬಿದ್ದಿದ್ದಳು. ಬಾಗಲಕೋಟೆಗೆ ಒಯ್ದೆವು. ತಲೆಯ ನರ ಕಟ್ಟಿದೆ, ಇಂಥವರಿಗೆ ಒಂದು ಮಗ್ಗುಲು ಇರುವುದೇ ತಿಳಿಯುವುದಿಲ್ಲ ಎಂದ ಡಾಕ್ಟರು ಕೇಳಿದರು, “ನಿನ್ನೆ ಏನರ ಫರಕು ಕಂಡಿತ್ತೇನ್ರಿ?”

ಸುದ್ದಿ ಕೇಳಿ ಬಂದಿದ್ದ ಆಕೆಯ ಮಗಳು ನನ್ನ ಮುಖ ನೋಡಿದಳು.

“ಇಲ್ರಿ. ಇವತ್ತ ಮುಂಜಾನಿನ” ಅಂದೆ.

ಐದನೇ ದಿನ ಆಕೆ ಹೋದಳು.

ದೆವ್ವ ಗಿವ್ವ ನಾನು ನಂಬುವವಳಲ್ಲ. ಆದರೂ ಆಕೆಯ ಚಾಪೆಯ ಮೇಲೆ ಆಕೆಯ ರಿಮೋಟು ಇಟ್ಟು, ಇಬ್ಬರ ಆಟವನ್ನೇ ಹಚ್ಚಿ ಕೂಡುತ್ತೇನೆ. ಹಿಡಿಯುವವರಿಲ್ಲದೆ ಆಕೆಯ ಹರಳು ನಟ್ಟನಡುವೆ ಕಂಬದಂತೆ ಏರುತ್ತವೆ. ನನ್ನ ಕಣ್ಣು ಎಡಗಡೆಗೇ ಹೋಗುತ್ತದೆ. ಖಾಲಿ. ‘ಎಲ್ಲೈತಿ ಜಾಗಾ’ ಎಂಬುದು ಕಿವಿಯಲ್ಲೇ ಕೂತಿದೆ.

ಮೊನ್ನೆ ಹುನಗುಂದದಿಂದ ಮಗಳು ಬಂದಳು. ತಾಯಿಯ ಚಾಪೆಯ ಮೇಲೆ ಕೂತು ರಿಮೋಟು ಎತ್ತಿಕೊಂಡಳು. ಸ್ವಲ್ಪ ಹೊತ್ತಿನಲ್ಲೇ ಹರಳೆಲ್ಲ ಬಲಗಡೆಗೆ ಏರತೊಡಗಿದವು. ನನ್ನ ಕೈ ನಿಂತಿತು.

“ಎಡಗಡಿ ಏನೈತಿ, ಹೇಳು ಲಗೂನ!”

“ಏನೂ ಇಲ್ಲ, ಖಾಲಿ. ಬೇಕಂತ ಬಿಟ್ಟೇನಿ, ಒಮ್ಮಿಗೇ ಕೆಡವಾಕ. ಅವ್ವನೂ ಹಂಗ ಮಾಡ್ತಿದ್ಳಲ್ಲ, ಚಿಗವ್ವಾ.”

ಆ ಮಾತು ಹಿಡಿದು ನಾನು ಪಾರಾಗಬಹುದಿತ್ತು. ಆದರೆ ತಾಟಿನಲ್ಲಿ ಉಳಿದ ರೊಟ್ಟಿಗೆ ಏನು ಹೇಳಲಿ? ಎಲ್ಲ ಹೇಳಿಬಿಟ್ಟೆ. ಮಧ್ಯಾಹ್ನದ ಆಟ, ಸಂಜೆಯ ರೊಟ್ಟಿ, ಡಾಕ್ಟರಿಗೆ ನಾನು ಹೇಳಿದ ಸುಳ್ಳು.

ಇಬ್ಬರ ಕೈಯೂ ನಿಂತಿತ್ತು. ಹರಳು ತಾವೇ ಬಿದ್ದವು. ಅವಳ ಬಾವಿಯೇ ಮೊದಲು ತುಂಬಿತು.

“ಗೆದ್ದೀ ನೋಡು, ಚಿಗವ್ವಾ” ಅಂದಳು. ರಿಮೋಟನ್ನು ತಾಯಿಯ ಚಾಪೆಯ ಮೇಲೆ ಇಟ್ಟು ಚೀಲ ತೆಗೆದುಕೊಂಡು ಹೋದಳು.