ಖಾಲಿ ಬಿಡದ ಖಾನೆ

ಹೊಂಗನೂರಿನ ಪುಟ್ಟಲಿಂಗಯ್ಯ ಚನ್ನಪಟ್ಟಣದ ತಾಲ್ಲೂಕು ಕಚೇರಿ ಮುಂದೆ ಕೂತು ಜನರ ಅರ್ಜಿ ತುಂಬಿಕೊಡುತ್ತಿದ್ದವನು. ಖಾಲಿ ಖಾನೆಯಿರುವ ಅರ್ಜಿ ತಿರುಗಿ ಬರುತ್ತದೆ ಎಂಬುದು ಅವನು ಬದುಕಿನಲ್ಲಿ ಕಲಿತ ದೊಡ್ಡ ಪಾಠ. ಮಗ ಮುತ್ತುರಾಜು, ಮಗಳು ಮಾನ್ಯ ಇಬ್ಬರಿಗೂ ಅದನ್ನೇ ತಲೆಗೆ ತುಂಬಿದ್ದ: “ಬರೆಯಾಕೆ ಏನೂ ಇಲ್ದಿದ್ರೆ ‘ಇಲ್ಲ’ ಅಂತ ಬರೀರಿ. ಖಾಲಿ ಮಾತ್ರ ಬುಡಬ್ಯಾಡಿ.”

ಹಾರೋಹಳ್ಳಿಯ ಕಾರ್ಖಾನೆಯೊಂದಕ್ಕೆ ಸೇರಿದ್ದ ಮಾನ್ಯ, 2005ರಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಬೇರೆ ಜಾತಿಯ ಹುಡುಗನೊಂದಿಗೆ ಹೊರಟುಹೋದಳು. ಅವಳ ಹೆಸರೆತ್ತಕೂಡದೆಂದ ಅಪ್ಪ. ಮುತ್ತುರಾಜು ತುಟಿ ಪಿಟಕ್ಕೆನ್ನಲಿಲ್ಲ. ತಪ್ಪು ಶುರುವಾದದ್ದೇ ಅಲ್ಲಿ.

ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಅವನು, ರೇಷ್ಮೆಗೂಡಿನ ದರವನ್ನು ದಿನವೂ ಹಾಕುವ ವೆಬ್‌ಸೈಟೊಂದನ್ನು ನಡೆಸುತ್ತಿದ್ದ. ಪುಟದ ಕೊನೆಗೆ ಓದುಗರು ಬರೆಯಲು ಮೂರು ಖಾನೆ: ಹೆಸರು, ಊರು, ಮಾತು. ತಂಗಿ ಇಲ್ಲಿಯಾದರೂ ಬರೆದಾಳೆಂದು ಒಳಗೊಳಗೇ ಕಾಯುತ್ತಿದ್ದ. ಬಂದದ್ದು ಜೂಜಿನ, ಮಾತ್ರೆಗಳ ಇಂಗ್ಲಿಷ್ ಜಾಹೀರಾತು. ಬರೆದವರು ಮನುಷ್ಯರಲ್ಲ, ಎಲ್ಲಿಯವೋ ಯಂತ್ರಗಳು, ದಿನಕ್ಕೆ ನಾನೂರು ಸಲ.

2006ರಲ್ಲಿ ಅವನೊಂದು ಉಪಾಯ ಹೂಡಿದ. ನಾಲ್ಕನೆಯ ಖಾನೆ ಸೇರಿಸಿ, ಮನುಷ್ಯರ ಕಣ್ಣಿಗೆ ಕಾಣದಂತೆ ಅಡಗಿಸಿಟ್ಟ. ಯಂತ್ರವಾದರೆ ಸಿಕ್ಕ ಖಾನೆಯನ್ನೆಲ್ಲ ತುಂಬುತ್ತದೆ. ಅದನ್ನು ತುಂಬಿದವರ ಬರಹ ನೇರ ಕಸಕ್ಕೆ. ಒಂದೇ ದಿನದಲ್ಲಿ ಪುಟ ಚೊಕ್ಕಟವಾಯಿತು. ಮುತ್ತುರಾಜು ಬೀಗಿದ. ಕಸವನ್ನು ತೆರೆದೂ ನೋಡದೆ ತಿಂಗಳಿಗೊಮ್ಮೆ ಅಳಿಸುತ್ತಿದ್ದ.

ಎರಡು ವರ್ಷದ ಮೇಲೆ ರೇಷ್ಮೆ ನೂಲು ತೆಗೆಯುವ ಮುನಾವರ್ ಅಂಗಡಿಗೆ ಬಂದು ರೇಗಿದ. “ಏನಣ್ಣ, ಮೂರು ಸಲ ಬರ್ದೆ, ಒಂದೂ ಬಂದಿಲ್ವಲ್ಲ! ಫೋನಲ್ಲಿ ನಾಲ್ಕು ಖಾನೆನೂ ತುಂಬಿದ್ದೆ.”

“ನಾಲ್ಕಾ?”

ಮುತ್ತುರಾಜು ಫೋನನ್ನು ಇಸಿದುಕೊಂಡು ಪುಟ ತೆರೆದ. ಆ ಫೋನು ಅಡಗಿಸಿಟ್ಟ ಖಾನೆಯನ್ನೂ ತೋರಿಸುತ್ತಿತ್ತು.

ಕಸ ತೆರೆದ. ಸಾವಿರಾರು ಸಾಲುಗಳ ನಡುವೆ ಮೂರು ವಾರದ ಹಿಂದಿನದೊಂದು, ಅಂಥದೇ ಫೋನಿನಿಂದ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಹೆಸರು ಮಾನ್ಯ. ಊರು ಹೊಂಗನೂರು. “ಅಣ್ಣ, ಇದು ಒಂಬತ್ತನೇ ಸಲ ಬರೀತಿರೋದು. ಫೋನ್ ಮಾಡಾಕೆ ಧೈರ್ಯ ಇಲ್ಲ. ಮಗ ಹುಟ್ಟವ್ನೆ, ಅಪ್ಪನದೇ ಮೂಗು. ಈ ಸಲಾನೂ ನೀನು ಉತ್ತರ ಕೊಡ್ನಿಲ್ಲ ಅಂದ್ರೆ ನಾನು ನಿಂಗೂ ಬ್ಯಾಡ ಅಂತ ತಿಳ್ಕತೀನಿ. ಇನ್ನ ಬರೆಯಾಕಿಲ್ಲ.” ನಾಲ್ಕನೆಯ ಖಾನೆಯಲ್ಲಿ, ಅಪ್ಪ ಕಲಿಸಿದಂತೆ, “ಇಲ್ಲ”.

ಫೋನ್ ನಂಬರಿರಲಿಲ್ಲ, ವಿಳಾಸವಿರಲಿಲ್ಲ. ಮಿಕ್ಕ ಎಂಟನ್ನು ಅವನ ಕೈಯೇ ಅಳಿಸಿತ್ತು.

ಅಂದೇ ಆ ಖಾನೆ ಕಿತ್ತುಹಾಕಿ, ಗೂಡಿನ ದರದ ಮೇಲೆ “ಮಾನ್ಯ, ಬಾರವ್ವ” ಎಂದು ದಪ್ಪ ಅಕ್ಷರದಲ್ಲಿ ಹಾಕಿದ. ಯಂತ್ರಗಳು ಮತ್ತೆ ನುಗ್ಗಿದವು. ಈಗ ಅವನು ಒಂದೊಂದು ಸಾಲನ್ನೂ ಓದುತ್ತಾನೆ. ಹೆಂಗಸಿನ ಹೆಸರು ಕಂಡರೆ ಎರಡೆರಡು ಸಲ ಓದುತ್ತಾನೆ. ಹಾಳು ಯಂತ್ರಗಳಿಗೂ ಹೆಂಗಸರ ಹೆಸರೇ ಬೇಕು.

ವಿಷಯ ತಿಳಿದ ಪುಟ್ಟಲಿಂಗಯ್ಯ ಮೂರು ದಿನ ಅನ್ನ ಮುಟ್ಟಲಿಲ್ಲ. ಆಮೇಲಿಂದ ದಿನವೂ ಅಂಗಡಿಗೆ ಬಂದು ಮಗನ ಬೆನ್ನ ಹಿಂದೆ ಕೂರುತ್ತಾನೆ.

“ಏನಾರ ಬಂತೇನ್ಲಾ?”

ಮುತ್ತುರಾಜು ತಿರುಗಿ ನೋಡುವುದಿಲ್ಲ.

“ಇಲ್ಲ ಕಣಪ್ಪ.”