ದೂರ ನಿಂತೀಯೇನ, ಚಿಗವ್ವ?

ಇಂದು ಸಂಜೆ ಗಬ್ಬೂರಿನಿಂದ ಒಂದು ಗಂಟು ಬಂತು. ಬಿಚ್ಚಿದ ಕೂಡಲೇ ಬಿಸಿಲುಂಡ ಹಳೆಯ ಸೀರೆಗಳ ವಾಸನೆ ಕೋಣೆಯ ತುಂಬ ಹರಡಿತು. ಒಳಗಿದ್ದದ್ದು ಹಳೆಯ ಸೀರೆ ಸೇರಿಸಿ ಹೊಲಿದ, ತೊಟ್ಟಿಲಿಗೆ ಹಾಸುವ ಒಂದು ಕೌದಿ. 'ಎಷ್ಟ ಮೆತ್ತಗೈತಿ ನೋಡ್ರಿ' ಎಂದು ಹೆಂಡತಿ ಅದನ್ನು ಕೆನ್ನೆಗೆ ಒತ್ತಿಕೊಂಡಳು. ನಾನು ಮಾತ್ರ ಮುಟ್ಟಲು ಹಿಂದೆ ಮುಂದೆ ನೋಡುತ್ತ ನಿಂತೆ. ಕೌದಿಗೆ ಹೆದರುವ ಗಂಡಸನ್ನು ನೀವು ಕಂಡಿರಲಿಕ್ಕಿಲ್ಲ. ಕಾರಣ ಹೇಳುತ್ತೇನೆ, ನಗುವುದಿದ್ದರೆ ಆಮೇಲೆ ನಗಿ.

ಕಾಲೇಜೊಂದರ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಹುಡುಗರ ಬೆರಳಚ್ಚು ಬಿದ್ದ ಮಸೂರಗಳನ್ನು ಒರೆಸುತ್ತಲೇ ತಲೆ ನರೆಸಿಕೊಂಡವನು ನಾನು. ದುರ್ಬೀನಿನ ಹುಚ್ಚು ಹತ್ತಿದ್ದು ಅಲ್ಲಿಯೇ. ಆದರೆ ಕಮರಿಪೇಟೆಯ ನಮ್ಮ ಮನೆಗೆ ಆಕಾಶವೆಂಬುದೇ ಇಲ್ಲ. ಎರಡು ನೀರಿನ ಟಾಕಿ, ನಾಲ್ಕು ಕೇಬಲ್ಲು, ಎದುರು ಮನೆಯವರು ಒಣಹಾಕಿದ ಚಾದರ. ಉಳಿದ ಸಂದಿಯಲ್ಲಿ ಚಂದ್ರ ಬಂದರೆ ಅವನ ಪುಣ್ಯ. ಹಾಗಾಗಿ ದುರ್ಬೀನನ್ನು ಊರಂಚಿನ ಗಬ್ಬೂರಿನಲ್ಲಿರುವ ಚಿಗವ್ವನ ಮಾಳಿಗೆಯ ಮೇಲೆ ಕೂರಿಸಿದೆ. ಚಿಗವ್ವ ನನ್ನ ಅವ್ವನ ತಂಗಿ. ಸಾಲಿಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸಿ ನಿವೃತ್ತಳಾದವಳು. ಅವಳ ಕೈಯ ಕೌದಿಗೆ ಓಣಿಯಲ್ಲೆಲ್ಲ ಹೆಸರು.

ದುರ್ಬೀನಿಗೆ ಮೋಟಾರು, ಕ್ಯಾಮೆರಾ, ಪಕ್ಕದಲ್ಲೊಂದು ಪುಟ್ಟ ಕಂಪ್ಯೂಟರು, ಇಂಟರ್ನೆಟ್ಟಿನ ವಾಯರು, ಎಲ್ಲ ನಾನೇ ಕಟ್ಟಿದ್ದು. ಇಲ್ಲಿ ಕಮರಿಪೇಟೆಯಲ್ಲಿ ಚಹಾ ಕುಡಿಯುತ್ತ ಪರದೆಯ ಮೇಲೆ ಶುಕ್ರನನ್ನು ಒತ್ತಿದರೆ ಅಲ್ಲಿ ಗಬ್ಬೂರಿನಲ್ಲಿ ದುರ್ಬೀನು ಗರ್ರೆಂದು ಶುಕ್ರನತ್ತ ತಿರುಗುತ್ತಿತ್ತು. ಚಿಗವ್ವ ಅದಕ್ಕೆ ಇಟ್ಟ ಹೆಸರು ತೋಪು. 'ಇವತ್ತ ಯಾರ ಮ್ಯಾಲ ಗುಂಡ ಹಾರಸ್ತಿ?' ಎಂದು ಕೇಳುತ್ತಿದ್ದಳು.

ಮಳೆಗೆ ನೆನೆಯದಿರಲೆಂದು ಅದಕ್ಕೆ ಗಾಲಿಯ ಮೇಲೆ ಸರಿಯುವ ತಗಡಿನ ಗೂಡು ಮಾಡಿಸಿದ್ದೆ. ಗೂಡು ಮುಚ್ಚಬೇಕಾದರೆ ದುರ್ಬೀನು ಮೊದಲು ಅಡ್ಡ ಮಲಗಬೇಕು. ಮಲಗಿಸುವ ಗುಂಡಿ ನನ್ನ ಕೈಯಲ್ಲಿ, ಗೂಡು ನೂಕುವುದು ಚಿಗವ್ವನ ಪಾಲು. ಒತ್ತುವವನಿಗೆ ಅಲ್ಲಿಯದು ಕಾಣುವುದಿಲ್ಲ, ಕಾಣುವವಳ ಕೈಯಲ್ಲಿ ಗುಂಡಿಯಿಲ್ಲ. ಅದಕ್ಕಾಗಿಯೇ ಪ್ರತಿ ಸಲ ಫೋನು ಹಚ್ಚಿ ಕೇಳುತ್ತಿದ್ದೆ: 'ದೂರ ನಿಂತೀಯೇನ, ಚಿಗವ್ವ?' 'ನಿಂತೇನಿ. ಒತ್ತಪಾ' ಎಂದಮೇಲೆಯೇ ಒತ್ತುವುದು.

ನಾಲ್ಕು ವರ್ಷದ ಹಿಂದೆ, ಮುಂಗಾರಿಗೂ ಮುಂಚಿನ ಒಂದು ಸಂಜೆ. ಆಗ ನನ್ನ ಮಗಳು ಚೊಚ್ಚಲ ಬಸುರಿ. ಚಿಗವ್ವ ಅವಳ ಕೂಸಿಗೆಂದು ಕೌದಿ ಹೊಲಿಯುತ್ತಿದ್ದಳು. ಪರದೆಯ ಮೇಲೆ ಶುಕ್ರ ನಿಚ್ಚಳವಾಗಿದ್ದ. ನೋಡನೋಡುತ್ತಲೇ ಮಸುಕಾದ. ನಮ್ಮ ಕಿಟಕಿಯಲ್ಲಿ ಗುಡುಗು ಕೇಳಿತು. ಫೋನು ಹಚ್ಚಿದೆ, ಎತ್ತಲಿಲ್ಲ. ಮತ್ತೆ ಹಚ್ಚಿದೆ, ಎತ್ತಲಿಲ್ಲ. ಜೀವ ಬಾಯಿಗೆ ಬಂತು. ಚಿಗವ್ವ ಯಾಕೆ ಎತ್ತುತ್ತಿಲ್ಲ ಎಂದಲ್ಲ ಮಾರಾಯರೇ. ಮಸೂರ ನೆನೆಯುತ್ತದೆ, ಮೋಟಾರು ಸುಡುತ್ತದೆ, ಅಷ್ಟೇ ನನ್ನ ತಲೆಯಲ್ಲಿ. ಆತುರಗಾರನಿಗೆ ಬುದ್ಧಿ ಮಟ್ಟ. ಕೇಳದೆಯೇ ಗುಂಡಿ ಒತ್ತಿಬಿಟ್ಟೆ.

ಪರದೆ ಕಪ್ಪಾಯಿತು. ಮೋಟಾರಿಗೆ ಏನೋ ಅಡ್ಡ ಬಂದಿದೆ, ನಿಂತಿದೆ ಎಂಬ ಸೂಚನೆ ಮೂಡಿತು. ಏನು ಅಡ್ಡ ಬಂದಿರಬಹುದು ಎಂದು ಒಂದು ಗಳಿಗೆ ಯೋಚಿಸಬಹುದಿತ್ತು. ನಾನು ಎರಡನೆಯ ಸಲ ಒತ್ತಿದೆ.

ಸ್ವಲ್ಪ ಹೊತ್ತಿಗೆ ಅವಳದೇ ಫೋನು ಬಂತು. ಏದುಸಿರು. 'ಮಳಿ ಬಂತಪಾ. ಫೋನ್ ಕೆಳಗ ಉಳದಿತ್ತು. ಕೈಗೆ ಸಿಕ್ಕ ಕೌದೀನ ತೋಪಿಗೆ ಹೊದಿಸಿದೆ.'

'ದುರ್ಬೀನಿಗೆ ಏನೂ ಆಗಿಲ್ಲಲ್ಲ?'

'ಇಲ್ಲಪಾ. ನಿನ್ನ ತೋಪಿಗೆ ಏನೂ ಆಗಿಲ್ಲ.'

ಅಂದು ನಾನು ಒಂದು ರೊಟ್ಟಿ ಹೆಚ್ಚೇ ತಿಂದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ರವಿವಾರ ಗಬ್ಬೂರಿಗೆ ಹೋದಾಗ ಚಿಗವ್ವ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಬಾಗಿಲು ತೆರೆದಳು. ಎರಡು ಬೆರಳಿಗೆ ಪ್ಲಾಸ್ಟರು. ತೋಪು ತಿರುಗಿ ಕೌದಿಯನ್ನು ಸುತ್ತಿಕೊಂಡಿತಂತೆ. 'ನಿಂತಿತಲ್ಲಾ ಅಂತ ಬಿಡಸಾಕ ಕೈ ಹಾಕಿದೆ. ಮತ್ತ ತಿರುಗಿತು. ಯಂತ್ರ ಅದು, ಅದಕ್ಕೇನ ಗೊತ್ತಾಗತೈತಿ?' ಎಂದು ನನಗೇ ಸಮಾಧಾನ ಹೇಳಿದಳು. ಆ ಎರಡನೆಯ ಸಲ ತಿರುಗಿಸಿದ್ದು ಯಂತ್ರವಲ್ಲ, ನಾನು ಎಂದು ಬಾಯಿ ಬಿಡಲಾಗಲಿಲ್ಲ. ಅವಳು ಕೊಟ್ಟ ಚಹಾ ಕುಡಿದು ಎದ್ದು ಬಂದೆ.

ಬೆರಳು ಕೂಡಿದವು, ಮಡಚಲು ಮಾತ್ರ ಬರಲಿಲ್ಲ. ಸೂಜಿ ಹಿಡಿದರೆ ಜಾರುತ್ತಿತ್ತು. ಅರ್ಧ ಕೌದಿ ಟ್ರಂಕು ಸೇರಿತು. ಮೊಮ್ಮಗಳು ಅಂಗಡಿಯಿಂದ ತಂದ ಹಾಸಿಗೆಯ ಮೇಲೆ ಮಲಗಿ ಬೆಳೆದಳು, ಈಗ ಬಾಲವಾಡಿಗೆ ಹೋಗುತ್ತಾಳೆ. ಅಂದಿನಿಂದ ನಾನು ಇಲ್ಲಿ ಕುಳಿತು ಗುಂಡಿ ಒತ್ತಿಲ್ಲ. ನೋಡಬೇಕೆನಿಸಿದರೆ ಗಬ್ಬೂರಿಗೇ ಹೋಗಿ, ಚಿಗವ್ವ ಎಲ್ಲಿದ್ದಾಳೆಂದು ಎರಡು ಸಲ ತಿರುಗಿ ನೋಡಿ, ಕೈಯಿಂದಲೇ ತಿರುಗಿಸುತ್ತೇನೆ. ಮನೆಯಲ್ಲಿ ಮಿಕ್ಸರ್ ಹಚ್ಚುವಾಗಲೂ 'ದೂರ ನಿಂತೀಯೇನ?' ಎಂದು ಕೇಳುತ್ತೇನಂತೆ. ಹೆಂಡತಿಗೆ ಇದೊಂದು ತಮಾಷೆ.

ಮಗಳು ಈಗ ಮತ್ತೆ ಬಸುರಿ. ಈ ಗಂಟು ಬಂದದ್ದು ಅದಕ್ಕೇ. ಕೊನೆಗೂ ಧೈರ್ಯ ಮಾಡಿ ಕೌದಿಯನ್ನು ಬಿಡಿಸಿದೆ. ಅರ್ಧದವರೆಗೆ ಇರುವೆ ಸಾಲಿನಂಥ ಹೊಲಿಗೆ. ನಡುವೆ ಹರಿದಲ್ಲಿ ಒಂದು ಕೆಂಪು ತೇಪೆ. ಅಲ್ಲಿಂದ ಮುಂದೆ ಹೊಲಿಗೆ ಉದ್ದುದ್ದ, ಸೊಟ್ಟ. ನಾಲ್ಕು ವರ್ಷದ ಮೇಲೆ ಆ ಬೆರಳುಗಳಿಂದ ಹೊಲಿದಿದ್ದಾಳೆ. ಕಣ್ಣಿಗೆ ನೀರು ಬಂತು. ಫೋನು ಹಚ್ಚಿದೆ.

ನಾನು ಬಾಯಿ ತೆರೆಯುವ ಮೊದಲೇ ಅವಳೆಂದಳು, 'ತೋಪು ಛಲೋ ಐತಪಾ. ಮುಂಜಾನೆನ ಒರಸೇನಿ.'

'ತೋಪಿನ ಸುದ್ದಿ ಬಿಡು, ಚಿಗವ್ವ. ಕೈ ಹೆಂಗೈತಿ?'

'ಸೂಜಿ ಹಿಡಿಯಾಕತ್ತೇನಿ. ಹೊಲಿಗಿ ನೋಡಿ ನಗಬ್ಯಾಡ.'

'ಅವತ್ತು ನಾ ಎರಡ ಸಲ ಒತ್ತಿದ್ದೆ. ಅದು ನಿಂತಿತ್ತು. ನಾನ ಮತ್ತ ಒತ್ತಿದೆ.'

'ಗೊತ್ತೈತಿ. ತೋಪು ತಾನಾ ತಿರುಗತೈತೇನು?' ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. 'ನೀನಾ ಹೇಳ್ತಿ ಅಂತ ಸುಮ್ನಿದ್ದೆ. ಬಾಳ ದಿನಾ ತಗೊಂಡಿ.'

ಅವಳು ಮಾಳಿಗೆ ಹತ್ತುವುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ತಗಡು ಸರಿದ ಸದ್ದು ಕೇಳಿತು. 'ಶುಕ್ರ ಬಂದಾನ ನೋಡು. ಗೂಡು ಸರಿಸೇನಿ. ಕಂಪ್ಯೂಟರ್ ಹಚ್ಚು.'

ಹಚ್ಚಿದೆ. 'ದೂರ ನಿಂತೀಯೇನ, ಚಿಗವ್ವ?'

'ನಿಂತೇನಿ.'

'ಕೈ ಎಲ್ಲೈತಿ?'

'ಫೋನ್ ಕಟ್ಟಿ ಮ್ಯಾಲ ಇಟ್ಟೇನಿ, ಎರಡೂ ಕೈ ಕಟಗೊಂಡ ನಿಂತೇನಿ. ಒತ್ತಪಾ.'

ಒತ್ತಿದೆ. ಒಂದೇ ಸಲ.