ಭಾಸ್ಕರನ ಫೋನಿನ ತುಂಬ ಬಾಯಿಗಳು

“ಹ್ವಾಯ್, ನಿಮ್ಮ್ ದೋಸ್ತ್ರ್ ಬೆಳಿಗ್ಗಿಂದ ಹೆಣ್ಮಕ್ಳ್ ತುಟಿ ಕಾಣ್ತಾ ಕೂಕಂಡಿರ್. ಬಂದ್ ಎರಡ್ ಮಾತ್ ಹೇಳಿ ಕಾಂಬ.”

ಕಳೆದ ತಿಂಗಳು ಜಲಜಕ್ಕ ಫೋನ್ ಮಾಡಿ ಹೀಗೆಂದಾಗ ನಗು ಬಂತು. ಅವರ ಗಂಡ ಭಾಸ್ಕರ ನನ್ನ ಹಳೆಯ ಗೆಳೆಯ. ಸಾಲಿಗ್ರಾಮದಲ್ಲಿ ಪೇಂಟ್ ಅಂಗಡಿ, ಬಿಡುವಿದ್ದಾಗ ತಾಳಮದ್ದಲೆಯ ಅರ್ಥಧಾರಿ. ಗೊತ್ತಲ್ಲ, ತಾಳಮದ್ದಲೆಗೆ ಯಕ್ಷಗಾನದ ವೇಷವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು ಕೂತು, ಎದುರಿನವನ ಮಾತಿಗೆ ಅಲ್ಲೇ ಉತ್ತರ ಕಟ್ಟಬೇಕು. ಬಂಡವಾಳ ಬಾಯಿ ಒಂದೇ.

ಆ ಬಾಯಿಯೇ ಒಂದು ಬೆಳಿಗ್ಗೆ ಎಡಕ್ಕೆ ವಾಲಿತ್ತು. (ಬಲಕ್ಕೋ? ನನ್ನ ನೆನಪನ್ನು ನಂಬಬೇಡಿ.) ಮುಖದ ನರದ ತೊಂದರೆ, ವ್ಯಾಯಾಮ ಮಾಡಿದರೆ ಸರಿಹೋಗಬಹುದು ಎಂದರು ಡಾಕ್ಟರು. ಆ ‘ಬಹುದು’ ಕೇಳಿ ಭಾಸ್ಕರ ಕುಸಿದ. ಪ, ಬ, ಮ ಎಂದರೆ ಬರೀ ಗಾಳಿ. ಶಂಕರನಾರಾಯಣ ಎಂಬ ಊರಿನ ತಾಳಮದ್ದಲೆ ಕೂಟದಲ್ಲಿ ಅರ್ಥ ಹೇಳಲು ಆಗಲೇ ಒಪ್ಪಿಕೊಂಡಾಗಿತ್ತು.

ಹೋಗಿ ನೋಡಿದೆ. ಫೋನಿನ ತುಂಬ ಬಾಯಿಗಳು. ಲಿಪ್‌ಸ್ಟಿಕ್ ಹಚ್ಚುವ ಬಾಯಿ, ಏಡಿಯ ಕಾಲು ಕಡಿಯುವ ಬಾಯಿ, ಯಾರದೋ ಹಾಡಿಗೆ ಸುಮ್ಮನೆ ಆಡುವ ಬಾಯಿ. ಒಂದರ ಹಿಂದೊಂದು ವಿಡಿಯೋ. ಕಣ್ಣಿಲ್ಲ, ಮೂಗಿಲ್ಲ. ಒಂದೊಂದನ್ನೂ ಲಕ್ಷಗಟ್ಟಲೆ ಜನ ನೋಡಿದ್ದರು. ಇಷ್ಟೊಂದು ಜನ ಇದನ್ನು ಯಾಕೆ ನೋಡುತ್ತಾರೆ?

“ಕನ್ನಡಿ ಕಂಡ್ರೆ ನಾಚ್ಕಿ ಆತ್ತ್ ಮಾರಾಯ,” ಎಂದ ಭಾಸ್ಕರ, ನಿಧಾನವಾಗಿ. “ಇದ್ರಗೆ ನನ್ ಬಾಯ್ ಕಾಂತಿಲ್ಲ. ಅವ್ರ್ ಮಾಡ್ದಂಗೆ ಮಾಡುದ್.”

ತೆರೆಯ ಮೇಲಿನ ಹುಡುಗಿ ತುಟಿ ಮುಂದೆ ಚಾಚಿದಳು. ಭಾಸ್ಕರನೂ ಚಾಚಿದ. ನನಗರಿವಿಲ್ಲದೆ ನಾನೂ.

ಆಗ ಅನ್ನಿಸಿತು. ಎದುರು ನಿಂತವರ ಬಾಯಿಯನ್ನು ದಿಟ್ಟಿಸಿದರೆ ಅಸಭ್ಯ. ಫೋನಿನಲ್ಲಿ ಯಾರೂ ಗದರುವುದಿಲ್ಲ. ಕೂಸು ಮಾತು ಕಲಿಯುವುದು ಅಮ್ಮನ ಬಾಯಿ ನೋಡಿ ತಾನೆ? ಆ ಚಟ ನಮ್ಮನ್ನಿನ್ನೂ ಬಿಟ್ಟಿಲ್ಲವೋ ಏನೋ. (ಪುರಾವೆ ಕೇಳಬೇಡಿ. ಯೂನಿವರ್ಸಿಟಿಯಲ್ಲಿ ನನಗೆ ಕಲಿಸಿದ್ದು ಪುರಾವೆ ಕೇಳುವುದನ್ನು ಮಾತ್ರ, ಕೊಡುವುದನ್ನಲ್ಲ.) ಇಷ್ಟು ವರ್ಷ ಎದುರು ಕೂತು ಹರಟಿದ್ದೇನೆ, ಭಾಸ್ಕರನ ಬಾಯಿ ಮೊದಲು ಹೇಗಿತ್ತು? ಎಷ್ಟು ನೆನೆದರೂ ಹೊಳೆಯಲಿಲ್ಲ. ನೋಡಿಯೇ ಇರಲಿಲ್ಲ.

ಕಳೆದ ಭಾನುವಾರ ಮಧ್ಯಾಹ್ನ ಕೂಟ. ಬಾಯಿ ಮುಕ್ಕಾಲು ಸರಿಯಾಗಿತ್ತು. ವಿಡಿಯೋದಿಂದಲೋ, ತಾನಾಗಿಯೋ, ಹೇಳಲಾರೆ. ಭಾಸ್ಕರನದು ರಾಜನ ಪಾತ್ರ. ಸಂಧಿಗೆ ಬಂದ ದೂತನಾಗಿ ಬೈಂದೂರಿನ ಮಾಸ್ತರರೊಬ್ಬರು. ಅವರು ಕರುಣೆ ತೋರಿಸಬಹುದು ಎಂದುಕೊಂಡಿದ್ದೆ. ತೋರಿಸಲಿಲ್ಲ.

“ನನ್ನನ್ನು ಕಂಡೊಡನೆ ಅರಸರ ಬಾಯಿ ಸೊಟ್ಟಗಾದದ್ದೇಕೆ?”

ನನ್ನ ಪಕ್ಕದಲ್ಲಿದ್ದ ಜಲಜಕ್ಕ ಸೆರಗಿನ ತುದಿ ಬಿಗಿಹಿಡಿದರು.

ಭಾಸ್ಕರ ಮಾಸ್ತರರತ್ತ ತಿರುಗಿದ. “ಪಾಪ, ದೂತ. ನೀನು ತಂದ ಮಾತಿಗೆ ಅರ್ಧ ಬಾಯಿಯ ನಗುವೇ ಹೆಚ್ಚು. ಪೂರ್ತಿ ಬಾಯಿಯ ನಗು ಬೇಕಿದ್ದರೆ ನಿನ್ನ ಒಡೆಯನೇ ಬರಲಿ.”

ಪ, ಬ, ಮ ಎಲ್ಲವೂ ಹಾಜರು. ಚಪ್ಪಾಳೆಗೆ ಮೊದಲೇ ತಲೆದೂಗಿದವರು ಮಾಸ್ತರರು.

ಜಲಜಕ್ಕ ಕಣ್ಣೊರೆಸಿಕೊಂಡು ನನ್ನತ್ತ ಬಾಗಿದರು. “ಇನ್ ಮನೆಯಗೆ ಇವ್ರ್ ಬಾಯ್ ಮುಚ್ಚಿಸುಕೆ ಯಾವ್ ವಿಡಿಯೋ ಇತ್ತ್ ಮರ್ರೆ?”